ತೊಂಬತ್ನಾಲ್ಕರ ಬಾಕಿ

ಮೊದಲು ಬಂದದ್ದು ಪ್ಲಗ್ಗಿಗೆ.
ಮಂಡಕ್ಕಿ ಭಟ್ಟಿಯ ಓಣಿಯಲ್ಲಿ ಕರೆಂಟು ಹೋದರೂ
ನಮ್ಮ ಶಾಖಾ ಗ್ರಂಥಾಲಯಕ್ಕೆ ಆಸ್ಪತ್ರೆಯ ಲೈನು.
ಹಾಲೇಶ, ದಾದಾಪೀರ್,
ಹಿಂದೆ ದುಪಟ್ಟಾದಿಂದ ಹೊಟ್ಟಿನ ಬೂದಿ ಕೊಡವುತ್ತ ನಗೀನಾ.
ಪೇಪರ್ ಓದುವ ಹಿರಿಯರು ಕೆಮ್ಮಿದರು.
"ಸದ್ದು!" ಎಂದು ಮೇಜು ಕುಟ್ಟಿ
ಎಲ್ಲರಿಗಿಂತ ಹೆಚ್ಚು ಸದ್ದು ಮಾಡಿದವಳು ನಾನೇ.

ಕಂಪ್ಯೂಟರು ಬಂದು ಆಗಲೇ ಎರಡು ವರ್ಷ.
ಥರ್ಮಾಕೋಲು ಇಲಿಗಳ ಪಾಲಾಗಿತ್ತು.
ಮೇಲೆ ಹೊದಿಸಿದ ಹಸಿರು ಬಟ್ಟೆಯನ್ನು
ತಿಂಗಳಿಗೊಮ್ಮೆ ಒಗೆದು, ಒಣಗಿಸಿ, ಮತ್ತೆ ಹೊದಿಸುತ್ತಿದ್ದೆ
ಬಾಣಂತಿಗೆ ಹೊದಿಸಿದ ಹಾಗೆ.
ನಗೀನಾ ಒಂದು ದಿನ ಅದರ ಅಂಚೆತ್ತಿ
"ಮೇಡಮ್, ಇದು ಉಸಿರಾಡ್ತೈತಾ?"
ಮುಟ್ಟಬೇಡ ಎನ್ನಬೇಕೆಂದಿದ್ದೆ.
ಬಾಯಿಂದ ಬಂದದ್ದು:
"ಸ್ವಿಚ್ಚು ಹಿಂದುಗಡೆ ಐತೆ ನೋಡು."

ಪಾಲಿಟೆಕ್ನಿಕ್ಕಿನ ಅಂಜಿನಪ್ಪ ಎರಡು ಶನಿವಾರ ಬಂದ,
ಮೂರನೆಯದಕ್ಕೆ ಬರಲಿಲ್ಲ. ಅಷ್ಟೇ ಸಾಕಾಯಿತು.
ಉಪ್ಪಿನ ಹದ ಬಲ್ಲವರಿಗೆ
ಮರಳು ಕಾಯಿಸೋದು ಹೇಳಿಕೊಡಬೇಕೆ?
ಹೀಗಿದ್ದರೆ ಹಾಗೆ ಮಾಡು, ಇಲ್ಲದಿದ್ದರೆ ಹೀಗೆ.
"ಇದು ನಮ್ಮವ್ವನ ಭಾಷೆ" ಅಂದ ಹಾಲೇಶ.
"ಹಾಲು ತಂದ್ರೆ ಚಾ,
ಇಲ್ಲಾಂದ್ರೆ ಬಾಯಿ ಮುಚ್ಕೊಂಡು ಕೂರು."

ಆಟ ಬರೆದರು, ಅಳಿಸಿದರು. ಬೇಸರವಾಯಿತು.
ಕೊನೆಗೆ ಕಪಾಟಿನ ತಳದಿಂದ
ಹಳೆಯ ಎರವಲು ರಿಜಿಸ್ಟರುಗಳನ್ನು ಎಳೆದು ಹಾಕಿದರು.
ಒಬ್ಬ ಓದುವುದು, ಒಬ್ಬಳು ಕುಟ್ಟುವುದು,
ಇನ್ನೊಬ್ಬ ಜಿರಳೆ ಓಡಿಸುವುದು.
ಮಿಲ್ಲಿನ ಕೂಗು ನಿಂತುಹೋದ ಊರಿನ ಎಷ್ಟೊಂದು ಹೆಸರು:
ಸ್ಪಿನ್ನಿಂಗ್ ಖಾತೆಯ ಬಸಣ್ಣ, ಬಾಬಿನ್ ಖಾತೆಯ ಪೀರಾಸಾಬ್,
ಕೊಟ್ಟ ತಾರೀಖು, ತಂದ ತಾರೀಖು,
ಕೆಲವರ ಮುಂದೆ ಬರೀ ಬಿಳಿ.

ಆ ಬಿಳಿಗಳನ್ನು ಹೆಕ್ಕಿ ದಂಡ ಲೆಕ್ಕ ಹಾಕಲು
ನಗೀನಾ ಬರೆದದ್ದು ಹನ್ನೊಂದು ಸಾಲು.
ದಿನಕ್ಕೆ ಹತ್ತು ಪೈಸೆ.
ಪಟ್ಟಿ ಸರಸರ ಇಳಿಯಿತು, ಒಂದು ಕಡೆ ಅವಳ ಬೆರಳು ನಿಂತಿತು.
ಎಂ. ಕೊಟ್ರಮ್ಮ, ವಿದ್ಯಾರ್ಥಿನಿ.
ರೇಡಿಯೋ ರಿಪೇರಿ, ಪ್ರಥಮ ಭಾಗ.
"ಇದು ನಿಮ್ಮ ಹೆಸರಲ್ವಾ ಮೇಡಮ್?"

ದಂಡ: ಮೈನಸ್ ಎರಡು ಸಾವಿರದ ಐನೂರ ಐವತ್ನಾಲ್ಕು.
"ಲೈಬ್ರರಿಯೇ ನಿಮಗೆ ಕೊಡಬೇಕ್ರೀ!"
ದಾದಾಪೀರ್ ಕುರ್ಚಿಯಿಂದ ಬಿದ್ದು ನಕ್ಕ.

ತಪ್ಪು ಹುಡುಕಲು ಅರ್ಧ ಗಂಟೆ ಹಿಡಿಯಿತು.
ನಾನು ಆಗ ಬರೆಯುತ್ತಿದ್ದದ್ದು ಬರೀ ೯೪.
ಈ ಮಕ್ಕಳಿಗೆ ಇಸವಿ ಎಂದರೆ
ಇಪ್ಪತ್ತರಿಂದಲೇ ಶುರು,
ಹಿಂದೆ ಇಪ್ಪತ್ತು ಅಂಟಿಸಿಬಿಟ್ಟಿದ್ದಳು.
ಹಾಗಾದರೆ ಪರದೆಯ ಆಚೆ
ನಾನಿನ್ನೂ ಆ ಪುಸ್ತಕ ಮುಟ್ಟಿಲ್ಲ.
ಎರಡು ಜಡೆಯ ಹುಡುಗಿಯೊಬ್ಬಳು ಕೌಂಟರಿನತ್ತ
ಎಪ್ಪತ್ತು ವರ್ಷ ದೂರದಿಂದ ನಡೆದು ಬರುತ್ತಿದ್ದಾಳೆ.

"ಅಪ್ಪನಿಗಾ?" ಎಂದು ಅಂದಿನ ಲೈಬ್ರರಿಯನ್ನು ಕೇಳಿದ್ದರು.
ಹೂಂ ಅಂದಿದ್ದೆ.
ಅಪ್ಪ ರಾತ್ರಿ ಪಾಳಿಗೆ ಹೋದಾಗ ಬಿಚ್ಚಿದ ರೇಡಿಯೋ
ಮತ್ತೆ ಮಾತಾಡಲಿಲ್ಲ.
ಪುಸ್ತಕ ಟ್ರಂಕಿನ ತಳ ಸೇರಿತು,
ಹೊಡೆತ ನನ್ನ ಪಾಲಿಗೆ.

"ಯಾರಿಗೆ ತಗೊಂಡಿದ್ರಿ ಮೇಡಮ್?"
ನಗೀನಾ ಸುಮ್ಮನೆ ಕೇಳಿದಳು, ಕಣ್ಣು ಕೀಲಿಗಳ ಮೇಲೆ.
"ನನಗೇ" ಅಂದೆ.
ಮೂವತ್ತು ವರ್ಷ ತಡ, ಆದರೂ ನಿಜ.

ಅವಳು ಒಂದು ಸಾಲು ತಿದ್ದಿದಳು.
ಸಾವಿರದ ತೊಂಬತ್ತೇಳು ರೂಪಾಯಿ ಅರವತ್ತು ಪೈಸೆ.
"ಮನ್ನಾ ಮಾಡೋ ಸಾಲು ಒಂದು ಹಾಕ್ಲಾ?"
ಬೇಡ ಅಂದೆ.

ಬುಧವಾರ ಚೀಲದಲ್ಲಿ ಪುಸ್ತಕ ತಂದೆ,
ಜೊತೆಗೆ ರೇಡಿಯೋವನ್ನೂ.
ಪುಸ್ತಕ ಅದೇ ಸಂಜೆ ನಗೀನಾಳ ಹೆಸರಿಗೆ ಏರಿತು.
ರೇಡಿಯೋ ಮೇಜಿನ ಮೇಲೆ ಹೊಟ್ಟೆ ಬಿಚ್ಚಿ ಕೂತಿದೆ;
ಹಸಿರು ಬಟ್ಟೆಗೆ ಈಗ ಸ್ಕ್ರೂಗಳನ್ನು ಕಾಯುವ ಕೆಲಸ.
ದಾದಾಪೀರ್ ಗಂಭೀರವಾಗಿ ರಸೀದಿ ಬರೆದ.
ಅರವತ್ತು ಪೈಸೆ ಚಿಲ್ಲರೆ
ಇಡೀ ದಾವಣಗೆರೆಯಲ್ಲಿ ಸಿಗಲಿಲ್ಲ.

ಬಾಕಿ ಕಾಲಮ್ಮಿನಲ್ಲಿ ನನ್ನ ಹೆಸರಿನ ಮುಂದೆ
ಅದಿನ್ನೂ ಇದೆ.
ಇರಲಿ ಬಿಡ್ರಿ ಅಂದಿದ್ದೇನೆ.